ಕ್ಯಾಪ್ಟನ್ ದೊರೆಯ ಎಡೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮಾವಿನಕಾಯಿ ಉಪ್ಪಿನಕಾಯಿಗೂ ಅರ್ಧ ಖಾಲಿಯಾದ ಗೊಜ್ಜಿನ ಡಬ್ಬಿಗೂ ನಡುವೆ, ಒಂದು ಬಾಟಲಿ ಮಾರ್ಮಲೇಡ್ ಕೂತಿದೆ. ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಕಹಿ ಜಾಮ್ ಅದು. ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸಿಹಿ ಅಂತ ಬಾಯಿಗಿಟ್ಟರೆ ಕಹಿಯಾಗುವ ಪದಾರ್ಥವನ್ನು ಯಾಕೆ ತರುತ್ತೀ ಎಂದು ನಮ್ಮ ಯಜಮಾನರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ಈ ವರ್ಷವಂತೂ ಅದಕ್ಕೆ ಕೆಲಸವೂ ಇರಲಿಲ್ಲ. ಆದರೂ ಎಸೆಯಲು ನನಗೆ ಕೈ ಬರುತ್ತಿಲ್ಲ.

ಮೊನ್ನೆ ಮೊಸರು ತೆಗೆಯಲು ಹೋದ ಗೆಳತಿಯೊಬ್ಬಳು ಅದನ್ನು ನೋಡಿ, "ಇದ್ಯಾರಿಗೇ?" ಅಂದಳು.

"ಕ್ಯಾಪ್ಟನ್ ದೊರೆಗೆ" ಅಂದುಬಿಟ್ಟೆ.

"ಯಾರೇ ಅದು? ಮೇಲಿನ ರೂಮ್ ಬಾಡಿಗೆಗೆ ಕೊಟ್ಟಿದೀರಾ?"

ಕ್ಯಾಲಿಫೋರ್ನಿಯಾದ ಈ ಸೆರಿಟೋಸ್‌ನಲ್ಲಿ ಮನೆ ಸಾಲ ಕಟ್ಟುವವರಿಗೆ ಮೊದಲು ಹೊಳೆಯುವುದೇ ಬಾಡಿಗೆ. ಅಲ್ಲ ಕಣೇ ಎಂದು ಶುರು ಮಾಡಿದವಳು, ಅವಳ ಕಾಫಿ ಆರಿಹೋಗುವವರೆಗೂ ಹೇಳಿದೆ. ನಿಮಗೂ ಹೇಳುತ್ತೇನೆ. ಕಾಫಿ ಮಾತ್ರ ನೀವೇ ಮಾಡಿಕೊಳ್ಳಬೇಕು.

ನಮ್ಮ ತಾತ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಬಟ್ಲರ್ ಆಗಿದ್ದವರು. ಹಲಸೂರು ಕೆರೆಯಾಚೆ ರಾಗಿ ಹೊಲದ ಮನೆಯಲ್ಲಿ ಹುಟ್ಟಿ, ಮುದ್ದೆ ನುಂಗಿ ಬೆಳೆದ ಮನುಷ್ಯ, ಯಾವುದೋ ದೊರೆಯ ಬಂಗಲೆಯ ಅಡುಗೆಮನೆ ಸೇರಿ ಕಟ್ಲೆಟ್ಟು, ಕಸ್ಟರ್ಡು, ಪುಡಿಂಗು ಎಲ್ಲ ಕಲಿತರು. ಆ ದೊರೆ ಸೀಮೆಗೆ ವಾಪಸು ಹೋಗುವಾಗ ಮಾಡಿದ ಶಿಫಾರಸಿನಿಂದ ಬೊಂಬಾಯಿಗೆ ಹೋಗಿ ಹಡಗು ಹತ್ತಿದರು. ಕ್ಯಾಪ್ಟನ್ನನ ಊಟ ತಿಂಡಿ, ಬಟ್ಟೆಬರೆ ನೋಡಿಕೊಳ್ಳುವ ಕೆಲಸ. ಕೆರೆಯಲ್ಲಿ ಎಮ್ಮೆ ತೊಳೆದದ್ದು ಬಿಟ್ಟರೆ ತಾತನಿಗೆ ನೀರಿನ ಸಹವಾಸವೇ ಇರಲಿಲ್ಲ. ಮೊದಲ ವಾರವಿಡೀ ವಾಂತಿ. ದೊರೆಯನ್ನು ನೋಡಿಕೊಳ್ಳಲು ಹೋದವರನ್ನು ದೊರೆಯೇ ನಿಂಬೆಹಣ್ಣು ಕೊಟ್ಟು, ಬಕೆಟ್ ಹಿಡಿದು ನೋಡಿಕೊಂಡರಂತೆ.

"ಅವತ್ತೇ ಅಂದ್ಕೊಂಡೆ ಕಣಮ್ಮ," ಎನ್ನುತ್ತಿದ್ದರು ತಾತ, ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ. "ಈ ಮನುಷ್ಯ ಇರೋವರ್ಗೂ ಇವ್ರಿಗೆ ಟೋಸ್ಟು ನಾನೇ ಸುಡ್ಬೇಕು ಅಂತ."

ಕ್ಯಾಪ್ಟನ್ನನ ಹೆಸರು ಕೆಲ್ಸೋ. ತಾತ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ, ಯಾವಾಗಲೂ ಕ್ಯಾಪ್ಟನ್ ದೊರೆ. ಅವರದು ಯುದ್ಧದ ಹಡಗಲ್ಲ. ಚಹಾ ಪೆಟ್ಟಿಗೆ, ಗೋಣಿಚೀಲ ಸಾಗಿಸುವ ವ್ಯಾಪಾರದ ಹಡಗು. ಎರಡನೇ ಮಹಾಯುದ್ಧದ ನಡುವೆ ಒಂದು ದಿನ ಶತ್ರುಗಳ ಹಡಗು ಅಡ್ಡ ಬಂತು. ನಿಲ್ಲಿಸು, ವೈರ್‌ಲೆಸ್ ಮುಟ್ಟಬೇಡ ಎಂದಿತು. ಅದೇ ದಾರಿಯಲ್ಲಿ ಹಿಂದೆ ಇನ್ನೂ ಹಡಗುಗಳು ಬರುತ್ತಿದ್ದವು. ಕ್ಯಾಪ್ಟನ್ ದೊರೆ ಹಡಗನ್ನೇನೋ ನಿಲ್ಲಿಸಿದರು, ಆದರೆ ನಿಲ್ಲಿಸುವ ಮುಂಚೆ ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿಬಿಟ್ಟಿದ್ದರು. ಹಿಂದಿನವರು ದಾರಿ ಬದಲಿಸಿ ಬದುಕಿಕೊಂಡರು. ಇವರೆಲ್ಲರನ್ನೂ ಒಂದು ದ್ವೀಪಕ್ಕೆ ಒಯ್ದು ಕೂಡಿಹಾಕಿದರು. ಸಿಪಾಯಿಯಲ್ಲದವನು ಯುದ್ಧದಲ್ಲಿ ಕೈ ಹಾಕಿದ್ದು ತಪ್ಪು ಎಂದು ವಿಚಾರಣೆಯ ಶಾಸ್ತ್ರ ಮುಗಿಸಿ, ಕ್ಯಾಪ್ಟನ್ನನಿಗೆ ಗುಂಡು ಹೊಡೆದರು. ಉಳಿದವರು ಯುದ್ಧ ಮುಗಿಯುವವರೆಗೆ ಅಲ್ಲೇ ಇದ್ದು, ಮೂಳೆ ಚಕ್ಕಳವಾಗಿ ಊರು ಸೇರಿದರು.

ಹೊಡೆದವರು ಯಾವ ದೇಶದವರು ಎಂದು ನಾನು ಎಷ್ಟು ಪೀಡಿಸಿದರೂ ತಾತ ಹೇಳಲಿಲ್ಲ. "ನಾಳೆ ನಿನ್ನ ಸ್ಕೂಲಿಗೆ ಆ ದೇಶದ ಮಗು ಬಂದ್ರೆ ನೀನು ಮುಖ ತಿರುಗಿಸ್ತೀಯ" ಅನ್ನುತ್ತಿದ್ದರು. ನಮ್ಮ ಸರ್ಕಾರಿ ಶಾಲೆಗೆ ಪಕ್ಕದ ಬಡಾವಣೆಯ ಮಕ್ಕಳೇ ಬರುತ್ತಿರಲಿಲ್ಲ, ಆ ಮಾತು ಬೇರೆ.

ಇಷ್ಟೇ ಆಗಿದ್ದರೆ ಇದು ಸತ್ತವರೊಬ್ಬರ ಕಥೆಯಾಗಿ ಮುಗಿಯುತ್ತಿತ್ತು. ನಮ್ಮಲ್ಲಿ ಸತ್ತವರು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಅವರವರಿಗೆ ಏನೇನು ಇಷ್ಟವೋ ಅದನ್ನೇ ಎಲೆಗೆ ಬಡಿಸಬೇಕು. ಮುತ್ತಾತನಿಗೆ ಕೋಳಿ ಸಾರು, ಮುದ್ದೆ, ಒಂದು ಗುಟುಕು ಬ್ರಾಂದಿ. ಮುತ್ತಜ್ಜಿಗೆ ಕಜ್ಜಾಯ, ಎಲೆ ಅಡಿಕೆ, ಹೊಗೆಸೊಪ್ಪು. ಆ ಬಾಳೆಲೆಗಳ ಸಾಲಿನ ಕೊನೆಗೆ ನಮ್ಮನೆಯಲ್ಲಿ ಒಂದು ಪಿಂಗಾಣಿ ತಟ್ಟೆ. ಅದರ ಮೇಲೆ ಮಾರ್ಮಲೇಡ್ ಸವರಿದ ಎರಡು ಟೋಸ್ಟು, ಅರೆಬೆಂದ ಮೊಟ್ಟೆ, ಪಕ್ಕದಲ್ಲಿ ಸಕ್ಕರೆಯಿಲ್ಲದ ಟೀ, ಒಂದು ಚಿಟಿಕೆ ಪೈಪಿನ ತಂಬಾಕು. ಊರಿನಲ್ಲಿ ಮಾರ್ಮಲೇಡ್ ಎಲ್ಲಿ ಸಿಗಬೇಕು? ತಾತ ಹೇರಳೆಕಾಯಿಯ ಸಿಪ್ಪೆ ಹೆಚ್ಚಿ, ಬೆಲ್ಲ ಹಾಕದೆ ಸಕ್ಕರೆಯಲ್ಲೇ ಕುದಿಸಿ ತಾವೇ ಮಾಡುತ್ತಿದ್ದರು. ಆ ವಾಸನೆಗೆ ಬೀದಿಯ ನೊಣವೆಲ್ಲ ನಮ್ಮನೆಗೆ ಬರುತ್ತಿತ್ತು. "ದೊರೆಗೆ ನಮ್ಮನೆ ಕಜ್ಜಾಯ ಆಗಲ್ವಂತಾ?" ಎಂದು ಅಜ್ಜಿ ಗೊಣಗುತ್ತಾ, ತಾತ ಅತ್ತ ತಿರುಗಿದಾಗ ಆ ತಟ್ಟೆಯ ಮೇಲೂ ಒಂದು ಕಜ್ಜಾಯ ಇಟ್ಟುಬಿಡುತ್ತಿದ್ದಳು.

ತಟ್ಟೆಯ ಹಿಂದೆ ಕ್ಯಾಪ್ಟನ್ ದೊರೆಯ ಫೋಟೋ. ನಾವಿಕರ ಟೋಪಿ, ತುಂಬು ಗಡ್ಡ, ಸುತ್ತಲೂ ಹಗ್ಗದ ಚೌಕಟ್ಟು. ಹತ್ತು ವರ್ಷದವಳಿದ್ದಾಗ ಒಮ್ಮೆ ತಾತನ ಜೊತೆ ಪೇಟೆಗೆ ಹೋಗಿದ್ದೆ. ಅಲ್ಲಿ ಪೆಟ್ಟಿಗೆ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಎಂಟು ಹತ್ತು ಕ್ಯಾಪ್ಟನ್ ದೊರೆಗಳು ನನ್ನನ್ನೇ ನೋಡುತ್ತಿದ್ದರು. ಸಿಗರೇಟಿನ ಡಬ್ಬಿ. ನಾನು ತಾತನ ಪಂಚೆ ಎಳೆದು ಬೆರಳು ತೋರಿಸಿದೆ. ತಾತ ಕೆಮ್ಮಿದರು. ಅಂಗಡಿಯಿಂದ ಸಾಕಷ್ಟು ದೂರ ಬಂದ ಮೇಲೆ, "ದೊರೆ ಫೋಟೋ ನನ್ನ ಹತ್ರ ಎಲ್ಲಿಂದ ಬರ್ಬೇಕಮ್ಮ? ಎಡೆ ಇಡೋಕೆ ಯಾರಾದ್ರೂ ಒಬ್ರು ಎದುರಿಗೆ ಬೇಕಲ್ಲ. ಟೋಪಿಯಾದ್ರೂ ಸರಿಯಾಗಿದೆ. ನಿಮ್ಮಪ್ಪಂಗೆ ಹೇಳ್ಬೇಡ, ಅವನು ನಂಬಿದಾನೆ" ಅಂದರು. ನನಗೂ ಒಂದು ಗುಟ್ಟು ಸಿಕ್ಕಿತೆಂದು ಎಷ್ಟೋ ದಿನ ಜಂಬದಲ್ಲಿದ್ದೆ.

ತಾತ ಹೋಗುವ ಮುಂಚೆ ಅಪ್ಪನಿಗೆ ಒಂದು ಮಾತು ಹೇಳಿದ್ದರು. ಅಪ್ಪ ಅದನ್ನು ನಮಗೆ ವರ್ಷಕ್ಕೊಮ್ಮೆ ತಪ್ಪದೆ ಒಪ್ಪಿಸುತ್ತಿದ್ದರು. "ದೊರೆಗೆ ಹೆಣ್ಣು ಮಗು. ಇನ್ನೂ ಚಿಕ್ಕದು. ಅದು ದೊಡ್ಡದಾಗಿ ಅವರಪ್ಪನ್ನ ನೋಡ್ಕೊಳ್ಳೋವರ್ಗೂ ನಾವು ನೋಡ್ಕೋಬೇಕು." ಅಂದರೆ ಕ್ಯಾಪ್ಟನ್ ದೊರೆ ನಮ್ಮ ಮನೆಯ ಹಿರಿಯರಲ್ಲ, ನಮ್ಮಲ್ಲಿ ಕಾಪಾಡಲು ಕೊಟ್ಟ ಹಿರಿಯರು. ಮಗು ಬಂದು ಕರೆದುಕೊಂಡು ಹೋಗಬೇಕು. ಮಗು ಎಲ್ಲಿದೆ, ಹೇಗಿದೆ, ಯಾರಿಗೂ ಗೊತ್ತಿಲ್ಲ. ನಾನು ಶಾಲೆ ಮುಗಿಸಿ, ಮದುವೆಯಾಗಿ, ಈ ದೇಶಕ್ಕೆ ಬಂದು, ಮಂಡಿನೋವು ಶುರುವಾದ ಮೇಲೂ ಅಪ್ಪನ ಬಾಯಲ್ಲಿ ಆ ಮಗು ಚಿಕ್ಕದಾಗಿಯೇ ಇತ್ತು.

ಅಪ್ಪ ರೈಲ್ವೆ ಗಾರ್ಡ್ ಆಗಿದ್ದವರು. ಹೊತ್ತಿಗೆ ಸರಿಯಾಗಿ ಹೊರಡುವುದು, ವಹಿಸಿಕೊಂಡದ್ದನ್ನು ಮುಟ್ಟಿಸುವುದು ಅವರ ರಕ್ತದಲ್ಲಿದೆ. ಅಮ್ಮ ಹೋದ ಮೇಲೆ, 2020ರ ಶುರುವಿನಲ್ಲಿ, ಒಂದೆರಡು ತಿಂಗಳು ಇದ್ದು ಹೋಗುತ್ತೇನೆಂದು ಬಂದರು. ಅಷ್ಟರಲ್ಲಿ ಕೊರೋನಾ ಬಂದು ವಿಮಾನ ನಿಂತಿತು. ಅವರ ಸೂಟ್‌ಕೇಸಿನಲ್ಲಿ ಪಂಚೆಗಳ ನಡುವೆ ಬೆಚ್ಚಗೆ ಸುತ್ತಿಟ್ಟ ತಾತನ ಫೋಟೋ, ಸಿಗರೇಟು ಡಬ್ಬಿಯ ಕ್ಯಾಪ್ಟನ್, ಎರಡೂ ಇದ್ದವು.

"ಇವನ್ನೆಲ್ಲ ಯಾಕೆ ತಂದ್ರಿ ಅಪ್ಪ, ಎರಡು ತಿಂಗಳಿಗೆ?" ಅಂದೆ.

"ಬೀಗ ಹಾಕಿದ ಮನೇಲಿ ಅವ್ರನ್ನ ಬಿಟ್ಟು ಹೆಂಗಮ್ಮ ಬರೋದು?"

ಹಾಗೆ ಆ ವರ್ಷದ ಎಡೆ ನಮ್ಮ ಮನೆಯಲ್ಲಿ. ಈ ಊರಿನ ಮನೆಗಳಲ್ಲಿ ಅಡುಗೆಮನೆ, ಊಟದ ಮನೆ, ಹಾಲ್ ಎಲ್ಲ ಒಂದೇ ಬಯಲು. ಎಡೆ ಇಡುವುದಕ್ಕೆ ಬಾಗಿಲಿರುವ ಕೋಣೆಯೇ ಬೇಕು. ಯಾಕೆಂದರೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ಕೊನೆಗೆ ಯಜಮಾನರ ಆಫೀಸ್ ರೂಮಿನಿಂದ ಪ್ರಿಂಟರು, ಮಾನಿಟರು ಎತ್ತಿ ಗ್ಯಾರೇಜಿಗೆ ಸಾಗಿಸಿದೆವು. ಸಾಂಬ್ರಾಣಿ ಹೊಗೆಗೆ ಸ್ಮೋಕ್ ಅಲಾರ್ಮ್ ಕೂಗಿಕೊಂಡಿತು. ಅಪ್ಪ ಬೆಚ್ಚಿ, "ಇದನ್ನ ನೋಡಿ ಹಿರೀಕರು ಬಾಗ್ಲಿಂದಲೇ ವಾಪಸ್ ಹೋಗ್ತಾರೆ" ಅಂದರು. ಯಜಮಾನರು ಮೀಟಿಂಗಿನ ಮಧ್ಯೆ ಎದ್ದು ಬಂದು ಏಣಿ ಹತ್ತಿದರು.

ತಂಬಾಕು ತರುವ ಕೆಲಸ ನನ್ನದು. ಸೀರೆಯುಟ್ಟು ಮಾಸ್ಕ್ ಹಾಕಿದ ಹೆಂಗಸು ಪೈಪಿನ ತಂಬಾಕು ಕೇಳಿದ್ದಕ್ಕೆ ಅಂಗಡಿಯವನು ಬಹಳ ಮರ್ಯಾದೆಯಿಂದ ಯಾವ ಘಾಟು ಬೇಕು ಎಂದು ವಿಚಾರಿಸಿದ. ನನಗಲ್ಲ, ನಮ್ಮ ಹಿರಿಯರೊಬ್ಬರಿಗೆ ಅಂದೆ. ಅವರಿಗೆ ಮೊದಲು ಯಾವುದು ಇಷ್ಟವಿತ್ತು ಅಂದ. ಗೊತ್ತಿಲ್ಲ, ಅವರು ನಾನು ಹುಟ್ಟುವ ಮುಂಚೆಯೇ ಹೋದರು ಅಂದೆ. ಅವನು ಮುಂದೆ ಏನೂ ಕೇಳದೆ ಪೊಟ್ಟಣ ಕಟ್ಟಿಕೊಟ್ಟ.

ಅಪ್ಪ ಇಲ್ಲೇ ಉಳಿದರು. ಎರಡು ವರ್ಷ ಕಳೆದು ಜನ ಮತ್ತೆ ಗುಂಪು ಸೇರಲು ಶುರು ಮಾಡಿದಾಗ, ಸ್ಯಾನ್ ಪೇಡ್ರೊ ಬಂದರಿನಲ್ಲಿ ಮೇ ತಿಂಗಳಲ್ಲಿ ಒಂದು ಸ್ಮರಣೆಯ ಸಭೆ ಇದೆ ಎಂದು ನಮ್ಮ ಬೀದಿಯವರೊಬ್ಬರು ಹೇಳಿದರು. ಯುದ್ಧಕಾಲದಲ್ಲಿ ಸತ್ತ ವ್ಯಾಪಾರಿ ಹಡಗಿನವರಿಗೆ. ಯಾರು ಬೇಕಾದರೂ ಬಂದು ಒಂದು ಹೆಸರು ಹೇಳಬಹುದು, ಹೆಸರಿಗೊಂದು ಗಂಟೆ ಬಾರಿಸುತ್ತಾರೆ. ಅಪ್ಪ ಅವತ್ತು ಬೆಳಗ್ಗೆ ಸ್ನಾನ ಮಾಡಿ, ಕೋಟು ಹಾಕಿ, ಹೊರಡುವ ಹೊತ್ತಿಗೆ ಬಹಳ ಮುಂಚೆಯೇ ಕಾರಿನಲ್ಲಿ ಕೂತಿದ್ದರು.

ಬಂದರಿನಲ್ಲಿ ಗಾಳಿ. ಹೆಚ್ಚಿನವರು ಮುದುಕರು, ಟೋಪಿ ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸರದಿ ಬಂದಾಗ ಅಪ್ಪ ಮೈಕಿನ ಹತ್ತಿರ ಹೋಗಿ, ಪ್ಲಾಟ್‌ಫಾರಂ ಪೂರ್ತಿ ಕೇಳಬೇಕು ಅನ್ನುವ ಹಳೆಯ ಗಾರ್ಡಿನ ಗಂಟಲಿನಲ್ಲಿ, ಕ್ಯಾಪ್ಟನ್ ಆಂಡ್ರ್ಯೂ ಕೆಲ್ಸೋ ಅಂದರು. ಹಡಗಿನ ಹೆಸರನ್ನೂ ಹೇಳಿದರು. ಗಂಟೆ ಬಾರಿಸಿದರು. ಕೈ ಮುಗಿದು ಬಂದು ಕೂತರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಎಂದೂ ಕಾಣದ ಮನುಷ್ಯನಿಗಾಗಿ ಅಳು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಭೆ ಮುಗಿದು ಜನ ಕಾಫಿಯ ಕಡೆ ಹೋಗುವಾಗ, ಕೋಲೂರಿಕೊಂಡು ಒಬ್ಬ ಬೆಳ್ಳಿಕೂದಲ ಹೆಂಗಸು ನಮ್ಮ ಮುಂದೆ ಬಂದು ನಿಂತರು. ಇಂಗ್ಲಿಷಿನಲ್ಲೇ ಮಾತಾಡಿದರು, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. "ನಾನು ಪ್ರತಿ ವರ್ಷ ಬಂದು ಹೇಳುವ ಹೆಸರನ್ನು ಇವತ್ತು ನೀವು ಹೇಳಿಬಿಟ್ಟಿರಿ. ಅವರು ನನ್ನ ತಂದೆ. ನೀವು ಯಾರು?"

ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಸುಧಾ, ಇವ್ರೇನಾ ಆ ಮಗು?" ಅಂದರು.

ಮಗುವಿನ ಹೆಸರು ಜೀನ್. ಆಗ ಎಂಬತ್ತರ ಹತ್ತಿರ. ಗಂಡ ಸತ್ತ ಮೇಲೆ ತಾಯಿ ಮಗುವನ್ನೆತ್ತಿಕೊಂಡು ಸ್ಕಾಟ್ಲೆಂಡಿನಿಂದ ಸ್ಯಾನ್ ಡಿಯೇಗೊಗೆ ಬಂದು, ಬೇರೆ ಮದುವೆಯಾದರಂತೆ. ಜೀನ್ ಅಲ್ಲೇ ಹತ್ತಿರದ ಲಾ ಹೋಯಾದಲ್ಲಿ ಸಮುದ್ರದ ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತಾ, ಪಾಠ ಹೇಳುತ್ತಾ ನಿವೃತ್ತರಾದವರು. ಒಬ್ಬರೇ ಇದ್ದಾರೆ. ಅಪ್ಪ ಅಲ್ಲಿಯೇ, ಕಾಫಿ ಲೋಟ ಹಿಡಿದುಕೊಂಡೇ, ಅವರನ್ನು ಮಹಾಲಯಕ್ಕೆ ಕರೆದುಬಿಟ್ಟರು. ಕಾರಿನಲ್ಲಿ ವಾಪಸು ಬರುವಾಗ, "ಇನ್ನೇನು, ಒಪ್ಪಿಸಿಬಿಡೋದೇ. ಅವರಪ್ಪನ್ನ ಅವ್ರ ಕೈಗೆ ಕೊಟ್ಬಿಟ್ರೆ ನಾನು ಹಗುರ. ನಾನೂ ಎಡೆ ಇಡಿಸ್ಕೊಳ್ಳೋ ಕಾಲ ಬಂತು, ಆಮೇಲೆ ಅವ್ರನ್ನ ಯಾರು ನೋಡ್ತಾರೆ?" ಅಂದರು. ನಾನು ನೋಡ್ತೀನಿ ಅಂದೆ. "ನಿನಗೆ ಮೊಟ್ಟೆ ಹದ ಬರಲ್ಲ" ಅಂದರು.

ನನಗಿದ್ದ ದಿಗಿಲು ಬೇರೆ. ಆ ಫೋಟೋ. ಸ್ವಂತ ಮಗಳ ಮುಂದೆ ಸಿಗರೇಟು ಡಬ್ಬಿಯ ಮನುಷ್ಯನಿಗೆ ಹೂವಿನ ಹಾರ ಹಾಕಿ ಕೂರಿಸುವುದು ಹೇಗೆ? ಅಪ್ಪನಿಗೆ ಈ ವಯಸ್ಸಿನಲ್ಲಿ ಹೇಳುವುದು ಹೇಗೆ? ತಾತ ತಾವು ಆರಾಮಾಗಿ ಹೋಗಿಬಿಟ್ಟಿದ್ದರು.

ಅಮಾವಾಸ್ಯೆಯ ದಿನ ಜೀನ್ ಫ್ರೀವೇ ಹಿಡಿದು ತಾವೇ ಡ್ರೈವ್ ಮಾಡಿಕೊಂಡು ಬಂದರು. ಅಪ್ಪ ಮೊದಲು ಆಫೀಸ್ ರೂಮಿಗೇ ಕರೆದೊಯ್ದರು. ಬಾಳೆಲೆಗಳು, ಹೊಸ ಪಂಚೆ, ಸೀರೆ, ಕೋಳಿ ಸಾರಿನ ಹಬೆ, ಕೊನೆಗೆ ಬಿಳಿ ತಟ್ಟೆ.

"ನಿಮ್ಮ ತಂದೆಯವರು" ಎಂದು ಅಪ್ಪ ಹೆಮ್ಮೆಯಿಂದ ಕೈ ತೋರಿಸಿದರು.

ಜೀನ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ನನ್ನ ಕಡೆ ನೋಡಿದರು. ನಾನು ಅಪ್ಪನಿಗೆ ಕಾಣದ ಹಾಗೆ, ಏನೂ ಹೇಳಬೇಡಿ ಎಂದು ತಲೆಯಾಡಿಸಿದೆ. ಅವರ ಕೈಚೀಲ ಅರ್ಧ ತೆಗೆದಿತ್ತು, ಒಳಗೆ ಹಳೆಯ ಫೋಟೋ ಒಂದರ ಅಂಚು ಕಾಣುತ್ತಿತ್ತು. ಅದರಲ್ಲಿದ್ದ ಮನುಷ್ಯನಿಗೆ ಗಡ್ಡವಿರಲಿಲ್ಲವೆಂದು ಆಮೇಲೆ ನೋಡಿದೆ. ಜೀನ್ ಚೀಲದ ಜಿಪ್ ಎಳೆದರು.

"ಇಷ್ಟು ವರ್ಷ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಅಂದರು. ಅವರ ಬಗ್ಗೆ ನನಗಿದ್ದ ಅಳುಕು ಅಲ್ಲಿಗೆ ಹೋಯಿತು.

ಧೂಪ ಹಾಕಿ, ಬಾಗಿಲು ಹಾಕಿ, ಎಲ್ಲರೂ ಹಿತ್ತಲಿಗೆ ಬಂದು ನಿಂಬೆಗಿಡದ ಪಕ್ಕ ಕುರ್ಚಿಗಳಲ್ಲಿ ಕೂತೆವು.

"ಈಗ ಏನಾಗುತ್ತಿದೆ?" ಎಂದು ಜೀನ್ ನನ್ನನ್ನು ಕೇಳಿದರು.

"ಊಟ ಮಾಡುತ್ತಿದ್ದಾರೆ" ಅಂದೆ. ಅವರು ತಲೆಯಾಡಿಸಿದರು. ಜೀವನವಿಡೀ ಪ್ರಯೋಗಾಲಯದಲ್ಲಿ ಕಳೆದವರಿಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ತಿಳಿಯಲಿಲ್ಲ.

"ಟೋಸ್ಟ್ ಯಾಕೆ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಇಂಗ್ಲಿಷು ಕನ್ನಡ ಬೆರೆಸಿ ಹೇಳಿದರು, ತೊಡಕಿದಲ್ಲಿ ನಾನು ಸೇರಿಸಿದೆ. ಕೊನೆಯ ದಿನ ಬೆಳಗ್ಗೆ ಕಾವಲಿನವರು ತಾತನನ್ನು ಒಳಗೆ ಬಿಟ್ಟರಂತೆ, ಅವರ ದೊರೆಗೆ ಏನಾದರೂ ಕೊಡಲಿ ಎಂದು. ಇದ್ದದ್ದು ಬರೀ ಬಿಸಿನೀರಿನಂಥ ಟೀ. ಕ್ಯಾಪ್ಟನ್ ದೊರೆ ಅದನ್ನು ಕುಡಿದು, ನಕ್ಕು, ಟೋಸ್ಟ್ ಇಲ್ಲವಾ ಇವತ್ತು ಅಂದರಂತೆ. ತಮಾಷೆಗೆ ಅಂದದ್ದು. ತಾತನಿಗೆ ಅದು ತಮಾಷೆಯಾಗಲಿಲ್ಲ. "ಬ್ರೆಡ್ಡೇ ಇರ್ಲಿಲ್ಲ ಮೇಡಂ. ನಮ್ಮಪ್ಪ ಊರಿಗೆ ಬಂದ್ಮೇಲೆ ಎಷ್ಟೋ ದಿನ ಟೋಸ್ಟ್ ಮಾಡಿ, ಸುಮ್ನೆ ನೋಡ್ತಾ ಕೂತಿರ್ತಿದ್ರಂತೆ. ಆಮೇಲೆ ಎಡೆಗೆ ಇಡೋಕೆ ಶುರು ಮಾಡಿದ್ರು."

ಜೀನ್ ಮನೆಯ ಕಡೆ ತಿರುಗಿ ನೋಡಿದರು. ಅಪ್ಪ ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡು, ಅಷ್ಟು ವರ್ಷದಿಂದ ಕಾದಿಟ್ಟ ಮಾತನ್ನು ಒಪ್ಪಿಸಿದರು. "ನಮ್ಮಪ್ಪ ಹೇಳಿದ್ರು, ದೊರೆಗೆ ಹೆಣ್ಣು ಮಗು, ಇನ್ನೂ ಚಿಕ್ಕದು, ಅದು ದೊಡ್ಡದಾಗೋವರ್ಗೂ ನಾವು ನೋಡ್ಕೋಬೇಕು ಅಂತ. ಈಗ ನೀವು ದೊಡ್ಡೋರಾಗಿದೀರ ಮೇಡಂ..."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಜೀನ್ ನನ್ನ ಮುಂಗೈ ಹಿಡಿದುಕೊಂಡರು. "ಹೆಣ್ಣು ಮಗು ಅಂದರಾ? ನಿಮ್ಮ ತಾತ ಹಾಗೇ ಅಂದರಾ? ಮಗು ಅಂತಲೋ, ಹೆಣ್ಣು ಮಗು ಅಂತಲೋ?"

"ಹೆಣ್ಣು ಮಗು ಅಂತಲೇ" ಅಂದರು ಅಪ್ಪ, ಏನು ತಪ್ಪಾಯಿತೋ ಎಂದು ಗಾಬರಿಯಾಗಿ. "ನಮ್ಮಪ್ಪ ಸುಳ್ಳು ಹೇಳೋರಲ್ಲ."

ಜೀನ್ ಹೇಳಿದರು. ತಂದೆ ಆ ಸಲ ಹಡಗು ಹತ್ತಿದಾಗ ಇವರಿನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಹುಟ್ಟಿದ ಸುದ್ದಿಯನ್ನು ತಾಯಿ ಒಂದರ ಹಿಂದೆ ಒಂದು ಬಂದರಿಗೆ ಬರೆದು ಕಳಿಸಿದ್ದರು. ಅದು ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಾಗಲೇ ಇಲ್ಲ. ಮರಣದಂಡನೆಯ ವಿಷಯ ಸರ್ಕಾರದಿಂದ ಬಂತು, ಅಷ್ಟೇ. ತಾಯಿ ಆಮೇಲೆ ಆ ಮಾತು ಎತ್ತಲಿಲ್ಲ. "ನಾನು ಹುಟ್ಟಿದ್ದೇನೆ ಅಂತಲೂ ತಿಳಿಯದೆ ಹೋದರು ಅಂದುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ" ಅಂದರು.

ಅಪ್ಪನಿಗೆ ನಾನು ವಿವರಿಸಿದೆ. ಅವರು ನಿಧಾನವಾಗಿ ಅಂದರು, "ಹಲಸೂರಿನ ಬಟ್ಲರ್‌ಗೆ ಬೇರೆ ಯಾರು ಹೇಳಿರ್ತಾರೆ ಮೇಡಂ? ದೊರೇನೇ ಹೇಳಿರ್ಬೇಕು. ಅವರಿಗೆ ಗೊತ್ತಿತ್ತು."

ಜೀನ್ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಎದ್ದು ಹೋಗಿ ಅವರ ಬೆನ್ನ ಮೇಲೆ ಕೈಯಿಡಲೋ ಬೇಡವೋ ಎಂದು ಹಿಂಜರಿದು, ಕೊನೆಗೆ ತಲೆಯ ಮೇಲೆ ಕೈಯಿಟ್ಟರು. ಎಷ್ಟೆಂದರೂ ಮಗುವಲ್ಲವೇ.

ಬಾಗಿಲು ತೆಗೆದು ಎಲ್ಲರೂ ಊಟಕ್ಕೆ ಕೂತೆವು. ಹಿರಿಯರು ಉಂಡದ್ದನ್ನು ಮನೆಯವರು ಉಣ್ಣಬೇಕು. ಕ್ಯಾಪ್ಟನ್ ದೊರೆಯ ಆರಿದ ಟೋಸ್ಟನ್ನು ಜೀನ್ ತಿಂದರು. ಅಂಚಿನಲ್ಲಿದ್ದ ಕಜ್ಜಾಯವನ್ನೂ ತಿಂದರು, ಅದು ನಾನು ಇಟ್ಟದ್ದು. ಹೊರಡುವಾಗ ಅಪ್ಪ ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಹೂವು, ಆ ಫೋಟೋ ಇಟ್ಟುಕೊಂಡು ಬಾಗಿಲಲ್ಲಿ ನಿಂತರು. ಮುಂದಿನ ವರ್ಷದಿಂದ ನೀವು ಮಾಡಿ ಅಂದರು.

ಜೀನ್ ಕೈ ಚಾಚಲಿಲ್ಲ. "ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಇಲ್ಲದ ನಂಬಿಕೆಯನ್ನು ಇದೆಯೆಂದು ನಿಮ್ಮ ಮುಂದೆ ನಟಿಸಲಾರೆ" ಅಂದರು.

"ನಂಬಿಕೆ ಬೇಡ ಮೇಡಂ. ಟೋಸ್ಟ್ ಸಾಕು" ಅಂದರು ಅಪ್ಪ.

ಅವರು ನಕ್ಕರು, ಯೋಚಿಸುತ್ತೇನೆ ಅಂದರು, ಹೋದರು. ತಟ್ಟೆ ಅಪ್ಪನ ಕೈಯಲ್ಲೇ ಉಳಿಯಿತು. ಆ ಸಂಜೆ ಅಪ್ಪ ಟೀವಿ ಹಚ್ಚಲಿಲ್ಲ. ಗಾಡಿ ಬಂದು ನಿಂತ ಮೇಲೂ ಸರಕು ಇಳಿಸಿಕೊಳ್ಳುವವರು ಬರದಿದ್ದರೆ ಗಾರ್ಡ್ ಏನು ಮಾಡಬೇಕು?

ಮುಂದಿನ ಬೇಸಿಗೆಯಲ್ಲಿ ಅಪ್ಪನಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದರು. ಬಂದ ಮೇಲೆ ನಿಲ್ಲಲು ತ್ರಾಣವಿರಲಿಲ್ಲ. ಜೀನ್ ಎರಡು ಸಲ ನೋಡಲು ಬಂದರು, ಹವಾಮಾನ, ಪಾಚಿ, ರೈಲು ಎಲ್ಲದರ ಬಗ್ಗೆ ಮಾತಾಡಿದರು. ಎಡೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಅಪ್ಪನಿಗೆ ಸಂಕೋಚ, ಅವರಿಗೇನೋ ನನಗೆ ಗೊತ್ತಿಲ್ಲ. ಮಹಾಲಯದ ಹಿಂದಿನ ದಿನ ಅಪ್ಪ ಹಾಸಿಗೆಯಿಂದಲೇ, "ನಾಳೆ ಮೊಟ್ಟೆ ನೀನೇ ನೋಡ್ಕೋ. ಗಟ್ಟಿ ಮಾಡ್ಬೇಡ" ಅಂದರು.

ಅಮಾವಾಸ್ಯೆಯ ದಿನ ಎಲೆಗಳೆಲ್ಲ ಬಡಿಸಿ, ಕೊನೆಯ ತಟ್ಟೆಗೆ ಟೋಸ್ಟ್ ಇಡುತ್ತಿದ್ದೆ. ಫೋನ್ ಬಂತು. ಜೀನ್. ಏನೋ ಅನಾಹುತವಾಗಿದೆ ಅನ್ನುವ ಹಾಗೆ ಪಿಸುಗುಟ್ಟುತ್ತಿದ್ದರು.

"ಇವತ್ತೇ ತಾನೆ? ನಾನು ಇಟ್ಟಿದ್ದೇನೆ. ಓದುವ ಕೋಣೆಯಲ್ಲಿ. ಟೋಸ್ಟ್, ಮೊಟ್ಟೆ, ಟೀ. ಬಾಗಿಲು ಹಾಕಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ."

ನಾನು ಫೋನ್ ಸ್ಪೀಕರಿಗೆ ಹಾಕಿ ಅಪ್ಪನ ಹತ್ತಿರ ಹಿಡಿದೆ. ಅಪ್ಪ ಕೇಳಿದರು. ಕೇಳಿ, ನನಗೆ ಸನ್ನೆ ಮಾಡಿದರು. "ನಮ್ಮ ತಟ್ಟೆ ತೆಗಿ. ಒಬ್ರು ಎರಡು ಮನೇಲಿ ಹೆಂಗೆ ಉಣ್ತಾರೆ?" ನಾನು ಟೋಸ್ಟ್ ತೆಗೆದೆ. ಸಾಲಿನ ಕೊನೆ ಖಾಲಿಯಾಗಿ ಕಂಡಿತು. ಅಪ್ಪನನ್ನು ಮೆಲ್ಲಗೆ ನಡೆಸಿಕೊಂಡು ಬಂದು ಹಿತ್ತಲಲ್ಲಿ ಕೂರಿಸಿ, ಒಳಗೆ ನಮ್ಮ ಬಾಗಿಲೂ ಹಾಕಿ ಬಂದೆ.

"ಬಾಗಿಲು ಯಾವಾಗ ತೆಗೆಯಬೇಕು?" ಎಂದು ಜೀನ್ ಕೇಳಿದರು.

"ಉಂಡಾಯ್ತು ಅಂತ ನಿಮಗೇ ಅನ್ನಿಸುತ್ತೆ ಮೇಡಂ. ಒಂದ್ಸಲ ಕೆಮ್ಮಿ ತೆಗೀರಿ. ಅವರಿಗೆ ಏಳೋಕೆ ಹೊತ್ತು ಸಿಗುತ್ತೆ" ಅಂದರು ಅಪ್ಪ.

ಫೋನಿನಲ್ಲಿ ಅವರ ಉಸಿರು ಕೇಳಿಸಿತು.

"ನಾನೂ ಅವರೂ ಒಂದೇ ಮನೆಯಲ್ಲಿ ಇದ್ದದ್ದೇ ಇಲ್ಲ" ಅಂದರು ಜೀನ್. "ಇದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರಲಾ?"

ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಅವರು ಮನೆಯ ಕಡೆ, ತಮ್ಮ ಅಪ್ಪ ಅಮ್ಮ ಊಟಕ್ಕೆ ಕೂತಿರುವ ಕೋಣೆಯ ಕಡೆ ಒಮ್ಮೆ ನೋಡಿದರು.

"ಕೂತ್ಕೊಳಿ ತಾಯಿ" ಅಂದರು. ಅಲ್ಲಿಯವರೆಗೆ ಮೇಡಂ ಎಂದೇ ಕರೆದಿದ್ದರು. "ನಾವೂ ಕೂತಿರ್ತೀವಿ."

ಫೋನನ್ನು ನಮ್ಮಿಬ್ಬರ ನಡುವಿನ ಕುರ್ಚಿಯ ಮೇಲಿಟ್ಟೆ. ಒಳಗೆ ಕೋಳಿ ಸಾರು ಆರುತ್ತಿತ್ತು. ಹಸಿದಿದ್ದ ಯಜಮಾನರು ಒಂದು ಸಲ ಬಾಗಿಲಿಗೆ ಬಂದು, ನಮ್ಮ ಮುಖ ನೋಡಿ, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಆ ಮಧ್ಯಾಹ್ನ ಎರಡು ಮನೆಯಲ್ಲೂ ಬಹಳ ಹೊತ್ತು ಯಾರೂ ಕೆಮ್ಮಲಿಲ್ಲ.